ಇನ್‌ಸ್ಟಾಗ್ರಾಂ ಕಮೆಂಟ್‌ಗೆ ವೆಬ್‌ಹುಕ್ ಹಾಕಲಾ, ಪೋಲಿಂಗ್ ಸಾಕಾ?

ಪ್ರಶ್ನೆ (ಬಳ್ಳಾರಿ)
ನಮ್ಮ ಮಾವ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ 30 ಪೋಸ್ಟ್ ಇವೆ. "34 ಸೈಜ್ ಇದೆಯಾ, ರೇಟ್ ಎಷ್ಟು" ಅಂತ ಕಮೆಂಟ್ ಬಂದರೆ ಶೀಟ್‌ಗೆ ಬೀಳಬೇಕು. ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಇಟ್ಟಿದ್ದೇನೆ. ಹೊಸ ಕಮೆಂಟ್ ಇದೆಯಾ ಅಂತ ಪ್ರತಿ ನಿಮಿಷ 30 ಪೋಸ್ಟನ್ನೂ ಒಂದೊಂದಾಗಿ ಕೇಳುತ್ತದೆ, ಅದೇ ಪೋಲಿಂಗ್. ಲೆಕ್ಕ ಹಾಕಿದರೆ ಇನ್‌ಸ್ಟಾಗ್ರಾಂಗೆ ದಿನಕ್ಕೆ 43,200 ಕಾಲ್ (ಕೋರಿಕೆ). ಸಿಗುವ ಹೊಸ ಕಮೆಂಟ್ ಹದಿನೈದೋ ಇಪ್ಪತ್ತೋ! ಮೊನ್ನೆಯಿಂದ ಮಿತಿ ಮೀರಿದೆ ಅಂತ ಎರರ್ ಬೇರೆ.

ವೆಬ್‌ಹುಕ್ (ಕಮೆಂಟ್ ಬಂದಾಗ ಇನ್‌ಸ್ಟಾಗ್ರಾಂ ತಾನಾಗಿ ನಮಗೆ ಕಳಿಸುವ ವ್ಯವಸ್ಥೆ) ಹಾಕೋಣ ಅಂದರೆ ಮಾವನ ಪ್ರಶ್ನೆ: "ಕರೆಂಟ್ ಹೋದಾಗ ಬಂದ ಆರ್ಡರ್ ಎಲ್ಲಿ ಹೋಗುತ್ತೆ?" ಉತ್ತರ ಗೊತ್ತಾಗಲಿಲ್ಲ.

ಉತ್ತರ 1 (ರಾಯಚೂರು)
ಎಲ್ಲೂ ಹೋಗಲ್ಲ. ನಿಮ್ಮ ಕಡೆಯಿಂದ 200 (ಅಂದರೆ "ಸಿಕ್ಕಿತು") ಅಂತ ಉತ್ತರ ಸಿಗದಿದ್ದರೆ ಇನ್‌ಸ್ಟಾಗ್ರಾಂನ ಕಂಪನಿ ಮೆಟಾ ಮತ್ತೆ ಕಳಿಸುತ್ತದೆ. ಬರಬರುತ್ತಾ ನಿಧಾನವಾಗಿ, 36 ಗಂಟೆವರೆಗೆ. ಆದರೆ ಲ್ಯಾಪ್‌ಟಾಪ್ ಬಿಡಿ, ಚಿಕ್ಕ ಸರ್ವರ್ ಬಾಡಿಗೆಗೆ ತಗೊಳ್ಳಿ. ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್) ವಿಳಾಸ ಬೇಕೇ ಬೇಕು, ಅದರ ಸರ್ಟಿಫಿಕೇಟ್ ನಾವೇ ಮಾಡಿಕೊಂಡದ್ದು ನಡೆಯಲ್ಲ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲು ಶೀಟ್‌ಗೆ ಬರೆದು, ಆಮೇಲೆ 200 ಕಳಿಸುತ್ತಿದ್ದೆ. ಶೀಟ್ ತಡವಾಯ್ತು, ಅದೇ ಕಮೆಂಟ್ ಮತ್ತೆ ಮತ್ತೆ ಬಂತು. ಒಬ್ಬ ಗಿರಾಕಿಗೆ ಮೂರು ಸಲ "ಆರ್ಡರ್ ಸಿಕ್ಕಿದೆ" ಅಂತ ಮೆಸೇಜ್ ಹೋಗಿ, ಅವರು ಫೋನ್ ಮಾಡಿ "ನಾನು ಒಂದೇ ಕೇಳಿದ್ದು ಮಾರಾಯಾ" ಅಂದರು. ಈಗ ಬಂದದ್ದನ್ನು ಹಾಗೇ ಸೇವ್ ಮಾಡಿ 200 ಕಳಿಸುತ್ತೇನೆ. ಕಮೆಂಟ್ ಐಡಿ ಮೊದಲೇ ಇದ್ದರೆ ಬಿಟ್ಟುಬಿಡುತ್ತೇನೆ. ಮೆಟಾ ಕಳಿಸಿದ್ದರ ಹೆಡರ್‌ನಲ್ಲಿ (ತಲೆಭಾಗದಲ್ಲಿ) ಬರುವ ಸಹಿಯನ್ನು ಆ್ಯಪ್ ಸೀಕ್ರೆಟ್ (ನಿಮ್ಮ ಆ್ಯಪ್‌ನ ಗುಟ್ಟಿನ ಕೀ) ಇಟ್ಟುಕೊಂಡು ತಾಳೆ ನೋಡಿ. ಇಲ್ಲಾಂದ್ರೆ ವಿಳಾಸ ಸಿಕ್ಕವರೆಲ್ಲ ಸುಳ್ಳು ಆರ್ಡರ್ ತುರುಕಬಹುದು.

ಉತ್ತರ 2 (ಕೊಪ್ಪಳ)
ಪೋಲಿಂಗ್ ಪೂರ್ತಿ ಕಿತ್ತು ಹಾಕಬೇಡಿ. ರಾತ್ರಿ ಒಂದು ಸಲ ಓಡಿಸಿ, ತಪ್ಪಿದ್ದು ಸಿಗುತ್ತದೆ. ಮುಂದೆ ಯೂಟ್ಯೂಬ್ ಕಮೆಂಟ್ ಬೇಕಾದರೆ ಪೋಲಿಂಗೇ ಗತಿ. ಹೊಸ ವಿಡಿಯೊ ಬಂದದ್ದನ್ನು ಅವರು ತಾವಾಗಿ ತಿಳಿಸುತ್ತಾರೆ, ಕಮೆಂಟ್ ಬಂದದ್ದನ್ನಲ್ಲ. ಟೆಲಿಗ್ರಾಂ ಬಾಟ್ ಆದರೆ ಆ ಲ್ಯಾಪ್‌ಟಾಪೇ ಸಾಕು, ಲಾಂಗ್ ಪೋಲಿಂಗ್ (ಒಮ್ಮೆ ಕೇಳಿ, ಮೆಸೇಜ್ ಬರುವ ತನಕ ಲೈನ್ ಹಿಡಿದು ಕಾಯುವುದು) ಹಾಯಾಗಿ ನಡೆಯುತ್ತದೆ. ಬಾಟ್ ಇನ್ನೂ ತಗೊಳ್ಳದ ಮೆಸೇಜನ್ನು ಅವರು 24 ಗಂಟೆ ಮಾತ್ರ ಇಟ್ಟುಕೊಳ್ಳುತ್ತಾರೆ, ಅಷ್ಟೇ.

ಪ್ರಶ್ನೆ ಕೇಳಿದವರು
ಸರ್ವರ್ ತಗೊಂಡೆ. ಮಾವನಿಗೆ 36 ಗಂಟೆಯ ವಿಷಯ ಹೇಳಿದೆ. "ಅಷ್ಟೊತ್ತು ಕರೆಂಟ್ ಹೋದ್ರೆ ಮಷಿನ್ನೂ ನಿಂತಿರುತ್ತೆ, ಆರ್ಡರ್ ತಗೊಂಡು ಏನ್ ಮಾಡ್ಲಿ?" ಅಂದರು.