ಅಂಗಿಗೆ ಸುಣ್ಣ, ಗಾಡಿಗೆ ಬಣ್ಣ

(ವಿರಾಜಪೇಟೆ ಕಡೆಯ ಒಂದು ಕಾಫಿ ಕಣ. ಮೂಲೆಯಲ್ಲಿ ಹೋಂಸ್ಟೇಗೆಂದು ನಿಲ್ಲಿಸಿದ ಫೈಬರ್‌ಗ್ಲಾಸ್ ಕ್ಯಾರವಾನ್.)

ಪೂವಯ್ಯ: ಸುಮ್ನೆ ಒರಗಿ ನಿಂತಿದ್ದಕ್ಕೆ ಬೆನ್ನೆಲ್ಲ ಬಿಳಿ ಆಯ್ತಲ್ಲೋ! ಇದಕ್ಕೇನು ಸುಣ್ಣ ಹೊಡೆಸಿದ್ದೀರಾ?

ಗಣೇಶ: ಅದು ಜೆಲ್‌ಕೋಟ್ ಮಾರಾಯ, ಫೈಬರ್‌ಗ್ಲಾಸ್ ಮೇಲೆ ಇರೋ ಬಣ್ಣದ ಪದರ. ಬಿಸಿಲಿಗೆ ಅದರ ರೆಸಿನ್, ಅಂದ್ರೆ ಬಣ್ಣ ಹಿಡಿದಿಡೋ ಅಂಟು, ಸತ್ತುಹೋಗಿ ಬಣ್ಣದ ಪುಡಿ ಉದುರ್ತಿದೆ.

ಮುತ್ತಪ್ಪ: ಒಂದು ಡಬ್ಬಿ ವ್ಯಾಕ್ಸ್ ಬಳಿದ್ರೆ ಮುಗೀತು.

ಗಣೇಶ: ಬಳಿ. ಎರಡು ಮಳೆ ಬಿದ್ರೆ ಮತ್ತೆ ಅದೇ ಮುಖ. ಪುಡಿ ಮೇಲೆ ವ್ಯಾಕ್ಸ್ ಕಚ್ಚಲ್ಲ. ಸತ್ತ ಪದರ ಮೊದಲು ಹೋಗ್ಬೇಕು.

ಪೂವಯ್ಯ: ಬಾಗಿಲು ಉಜ್ಜೋ 80 ನಂಬರ್ ಉಪ್ಪುಕಾಗದ ಇದೆ, ತರ್ಲಾ?

ಗಣೇಶ: ತಂದ್ರೆ ಸಂಜೆಯೊಳಗೆ ಗಾಜಿನ ನಾರು ಕಾಣುತ್ತೆ! ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ. ಮೊದಲು ಒಂದು ಅಡಿ ಜಾಗದಲ್ಲಿ ಬರೀ ಕಾಂಪೌಂಡ್, ಅಂದ್ರೆ ಹೊಳಪು ಬರಿಸೋ ಉಜ್ಜೋ ಪೇಸ್ಟ್, ಹಾಕಿ ನೋಡು. ಹೊಳಪು ಬಂತಾ, ಕಾಗದ ಮುಟ್ಟಲೇಬೇಡ. ಬರಲಿಲ್ಲ ಅಂದ್ರೆ ಮಾತ್ರ ಸೋಪು ನೀರು ಬಿಟ್ಕೊಂಡು 1000 ನಂಬರಿನ ನಯವಾದ ಕಾಗದ, ಆಮೇಲೆ 1500, ಕೊನೆಗೆ 2000.

ಮುತ್ತಪ್ಪ: ಈ ಪಾಚಿ?

ಗಣೇಶ: ತೊಳೆಯೋವಾಗಲೇ ತೆಗೀಬೇಕು. ವಿನೆಗರ್, ನೀರು ಸಮಸಮ, ಮೆತ್ತನೆ ಬ್ರಷ್. ಬಾತ್‌ರೂಮ್ ಆಸಿಡ್ ಹತ್ತಿರ ತರಬೇಡ.

ಮುತ್ತಪ್ಪ: ಕಾಂಪೌಂಡ್ ಉಜ್ಜೋಕೆ ಮೆಷಿನ್ ಇದೆ ಬಿಡು. ವೆಲ್ಡಿಂಗ್‌ನವನ ಗ್ರೈಂಡರ್‌ಗೆ ಒಂದು ಬಫ್ ಸಿಕ್ಕಿಸಿದ್ರಾಯ್ತು.

ಗಣೇಶ: ಅದು ನಿಮಿಷಕ್ಕೆ 11000 ಸುತ್ತು ತಿರುಗುತ್ತೆ, ನಮಗೆ ಬೇಕಾಗಿರೋದು 1200 ಸುತ್ತಿನ ಪಾಲಿಷರ್! ಉಣ್ಣೆ ಪ್ಯಾಡ್ ಹಾಕ್ಕೊ, ಎರಡಡಿ ಚೌಕಕ್ಕೆ ನಾಲ್ಕೈದು ಬಟ್ಟು ಕಾಂಪೌಂಡ್ ಸಾಕು. ಚಪ್ಪಟೆಯಾಗಿ ಹಿಡಿದು ಆಡಿಸ್ತಾನೇ ಇರ್ಬೇಕು, ಒಂದೇ ಕಡೆ ನಿಲ್ಸಿದ್ರೆ ಸುಡುತ್ತೆ. ಅಂಚು, ಮೂಲೆಗಳಲ್ಲಿ ಪದರ ಬೇಗ ಸವೆಯುತ್ತೆ, ಅಲ್ಲಿ ಕೈಯಲ್ಲೇ ಉಜ್ಜು.

ಪೂವಯ್ಯ: ನಡು ಮಧ್ಯಾಹ್ನ ಶುರು ಮಾಡೋಣ, ಬೇಗ ಒಣಗುತ್ತೆ.

ಗಣೇಶ: ಒಣಗಬಾರದು ಅಂತಲೇ ನೆರಳಲ್ಲಿ ಮಾಡೋದು! ಒಣಗಿದ ಕಾಂಪೌಂಡ್ ಕೀಳೋಕೆ ನಿನ್ನನ್ನೇ ಕೂರಿಸ್ತೀನಿ.

ಮುತ್ತಪ್ಪ: ಆಗ ಮಿರಮಿರ ಅನ್ನುತ್ತೆ, ಅಲ್ವಾ?

ಗಣೇಶ: ಆ ಮಿರಮಿರ ನಂಬಬೇಡ. ಕಾಂಪೌಂಡಿನ ಎಣ್ಣೆ ಗೀರೆಲ್ಲ ಮುಚ್ಚಿರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಸೇರಿಸಿ ಒರೆಸು, ಬಣ್ಣ ಬಯಲಾಗುತ್ತೆ. ಮಂಕಾಯ್ತಾ, ಮತ್ತೊಂದು ಸುತ್ತು. ಆಮೇಲೆ ಫೋಮ್ ಪ್ಯಾಡಲ್ಲಿ ನಯವಾದ ಪಾಲಿಷ್, ಅದರ ಮೇಲೆ ವ್ಯಾಕ್ಸ್.

ಪೂವಯ್ಯ: ಆಲ್ಕೋಹಾಲ್ ಅಂದ್ಯಲ್ಲ, ಸ್ವಲ್ಪ ಉಳಿಯುತ್ತಾ?

ಗಣೇಶ: ಕುಡಿದ್ರೆ ನೀನು ಉಳಿಯಲ್ಲ.

ಮುತ್ತಪ್ಪ: ನೆಲಕ್ಕೆ ಬಳಿಯೋ ಅಕ್ರಿಲಿಕ್ ಪಾಲಿಷ್ ಒರೆಸಿದ್ರೆ ಅರ್ಧ ದಿನದಲ್ಲಿ ಮುಗಿಯುತ್ತಂತೆ?

ಗಣೇಶ: ಮುಗಿಯುತ್ತೆ. ಆಮೇಲೆ ಹಳದಿಯಾಗಿ ಚಕ್ಕೆ ಏಳುತ್ತೆ, ಕೆರೆಯೋಕೆ ವಾರ ಬೇಕು. ಅದಕ್ಕಿಂತ ಮೇ ತಿಂಗಳಲ್ಲಿ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ವ್ಯಾಕ್ಸ್ ಹಾಕು. ಪ್ಲಾಸ್ಟಿಕ್ ಟಾರ್ಪಾಲ್ ಸುತ್ತಬೇಡ, ಒಳಗೆ ತೇವ ಕೂರುತ್ತೆ, ಗಾಳಿಗೆ ಬಡಿದು ಬಡಿದು ಗೀರೂ ಹಾಕುತ್ತೆ.

ಪೂವಯ್ಯ: ಮೇಲ್ಛಾವಣಿಗೂ ವ್ಯಾಕ್ಸಾ?

ಗಣೇಶ: ನಡೆದಾಡೋ ಜಾಗಕ್ಕೆ ಬೇಡ. ಎಲೆ ಗುಡಿಸೋಕೆ ಹತ್ತಿದವನು ಜಾರಿ ಕೆಳಗೆ ಬೀಳ್ತಾನೆ.

ಮುತ್ತಪ್ಪ: ಹಾಗಾದ್ರೆ ಎರಡು ಕೋಟ್ ಹಾಕೋಣ. ದಿನಾ ಅಲ್ಲೇ ಕೂತು ಕಿತ್ತಳೆ ತಿನ್ನೋ ಕೋತಿಗಳು ಏನು ಮಾಡ್ತವೆ ನೋಡೋಣ.