ಓದುಗರ ಸ್ಪಂದನ: ಎಲ್ಲಾ ಬಿಟ್ಟೆ, ತಲೆನೋವು ಮಾತ್ರ ನನ್ನ ಬಿಡ್ತಿಲ್ಲ

ಕಳೆದ ಸಲದ ಸಮಸ್ಯೆ: ನಂಗೆ 34 ವರ್ಷ, ಆಫೀಸ್ ಕೆಲಸ. ಕಾಲೇಜಲ್ಲಿದ್ದಾಗಿಂದ ಮೈಗ್ರೇನ್. ಟ್ರಿಗರ್‌ಗಳದ್ದು ಅಂದ್ರೆ ನೋವು ಎಬ್ಬಿಸೋ ವಿಷಯಗಳದ್ದು ಒಂದು ಪಟ್ಟಿ ಸಿಕ್ತು, ಅದ್ರ ಪ್ರಕಾರ ಕಾಫಿ, ಚಾಕ್ಲೇಟ್, ಚೀಸು, ಬಿಸಿಲು, ಸೆಂಟು, ಸಿನಿಮಾ, ವ್ಯಾಯಾಮ ಅಂತ ಒಂದೊಂದೇ ಬಿಡ್ತಾ ಬಂದೆ. ಈಗ ಫ್ರೆಂಡ್ಸ್ ಕರೆದ್ರೂ ಹೋಗೋಕೆ ಹೆದರಿಕೆ. ಆದ್ರೂ ನೋವು ಬರೋದು ಬರ್ತಾನೇ ಇದೆ, ಈಗೀಗ ಜಾಸ್ತೀನೇ ಆಗಿದೆ. ವಾರಕ್ಕೆ ಮೂರ್ನಾಲ್ಕು ದಿನ ಮಾತ್ರೆ ನುಂಗ್ತೀನಿ. ನನ್ನ ಟ್ರಿಗರ್ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ?

*

ಮೇಡಂ, ಮೊದ್ಲು ಆ ಪಟ್ಟೀನ ಹರಿದು ಬಿಸಾಕಿ. ಅದ್ರಲ್ಲಿರೋದು ಯಾರ್ಯಾರಿಗೋ ಏನೇನೋ ಆಗಿದ್ದು, ಅಷ್ಟೂ ನಿಮಗೇ ಆಗ್ಬೇಕು ಅಂತ ಎಲ್ಲಿದೆ. ನನ್ನ ನ್ಯೂರೋ ಡಾಕ್ಟರು ಪಟ್ಟಿ ಗಿಟ್ಟಿ ಏನೂ ಕೊಡ್ಲಿಲ್ಲ, ಒಂದು ಡೈರಿ ಇಡಿ ಅಂದ್ರು. ಅದೂ ತಲೆನೋವು ಬಂದ ದಿನ ಮಾತ್ರ ಬರೆಯೋದಲ್ಲ, ಆರಾಮಾಗಿದ್ದ ದಿನಾನೂ ಬರೀಬೇಕು, ಸುಮಾರು ಜನ ಇದನ್ನೇ ಬಿಟ್ಬಿಡ್ತಾರೆ. ನೋವು ಬಂದ ದಿನ ಕಾಫಿ ಕುಡಿದಿದ್ದೆ ಅಂತಷ್ಟೇ ಬರ್ಕೊಂಡ್ರೆ ಕಾಫೀನೇ ಕಳ್ಳ ಅನ್ಸತ್ತೆ, ಆದ್ರೆ ನೋವಿಲ್ಲದ ದಿನಾನೂ ಅಷ್ಟೇ ಕಾಫಿ ಹೊಟ್ಟೆಗೆ ಹೋಗಿತ್ತು ಅನ್ನೋದು ಪುಸ್ತಕದಲ್ಲಿದ್ರೆ ತಾನೇ ಗೊತ್ತಾಗೋದು.

ಬರೆಯೋಕೆ ಎರಡು ನಿಮಿಷ ಸಾಕು. ಎಷ್ಟೊತ್ತಿಗೆ ಮಲಗಿದ್ದು ಎದ್ದಿದ್ದು, ಯಾವ ಹೊತ್ತಿನ ಊಟ ತಪ್ಪಿತು ಅಥ್ವಾ ತಡ ಆಯ್ತು, ಪೀರಿಯಡ್ಸ್ ತಾರೀಖು, ಯಾವ ಮಾತ್ರೆ ಎಷ್ಟು, ಮತ್ತೆ ನೋವು ಶುರುವಾಗೋ ಮುಂಚೆ ಮೈಯಲ್ಲಿ ಮನಸ್ಸಲ್ಲಿ ಏನಾದ್ರೂ ವಿಚಿತ್ರ ಅನ್ಸಿತ್ತಾ. ಈ ಕೊನೇದು ಭಾರೀ ಮುಖ್ಯ. ನನ್ನ ಡೈರಿಯ ಒಂದು ಪುಟ ಹೀಗಿದೆ ನೋಡಿ: "ರಾತ್ರಿ ಲೇಟಾಗಿ ಮಲಗಿದ್ದು. ತಿಂಡಿ ಇಲ್ಲ. ಮಧ್ಯಾಹ್ನದಿಂದ ಒಂದೇ ಸಮ ಆಕಳಿಕೆ, ಕತ್ತು ಬಿಗಿ, ಎಲ್ರ ಮೇಲೂ ಸಿಡುಕು. ಸಂಜೆ ಸಿಹಿ ಬೇಕೇ ಬೇಕು ಅನ್ಸಿ ಚಾಕ್ಲೇಟ್ ತಿಂದೆ. ರಾತ್ರಿ ಎಡಗಣ್ಣಿನ ಹಿಂದೆ ಶುರು." ನನ್ನ ಕಣ್ಣು ಹೋಗಿದ್ದು ಚಾಕ್ಲೇಟ್ ಮೇಲೆ, ಡಾಕ್ಟರು ಪೆನ್ ಇಟ್ಟಿದ್ದು ಅದಕ್ಕಿಂತ ಮೇಲಿನ ಸಾಲಿನ ಮೇಲೆ. ಆಕಳಿಕೆ ಶುರುವಾದಾಗ್ಲೇ ಅಟ್ಯಾಕ್ ಶುರುವಾಗಿದೆ ಕಣಮ್ಮ, ಸಿಹಿ ಬೇಕು ಅನ್ಸಿದ್ದೂ ಅದ್ರದ್ದೇ ಲಕ್ಷಣ ಇರಬಹುದು ಅಂದ್ರು. ನೋವು ಬರೋಕೆ ಕೆಲವು ಗಂಟೆಯಿಂದ ಹಿಡಿದು ಒಂದೆರಡು ದಿನ ಮುಂಚೆನೇ ಮೆದುಳಲ್ಲಿ ತಯಾರಿ ನಡೀತಿರತ್ತಂತೆ, ಆಗ ಆಕಳಿಕೆ, ಪದೇ ಪದೇ ಬಾತ್‌ರೂಮು, ಬೆಳಕು ಕಂಡ್ರೆ ಕಿರಿಕಿರಿ, ಏನಾದ್ರೂ ತಿನ್ನೋ ಚಪಲ, ಇವೆಲ್ಲ ಬರತ್ತೆ. ಹಂಗಾಗಿ ನೀವು ಬಿಟ್ಟಿರೋದ್ರಲ್ಲಿ ಅರ್ಧದಷ್ಟು ನಿರಪರಾಧಿಗಳೇ ಇರಬಹುದು.
– ಡೈರಿ ಇಟ್ಟಿರೋ ಓದುಗಿ

*

ಮೇಲಿನವರು ಹೇಳಿರೋದಕ್ಕೆ ಒಂದು ಪುರಾವೆ ಸೇರಿಸ್ತೀನಿ, ನಂಗೆ ಇಂಥದ್ದು ಓದೋ ಹುಚ್ಚು. 2013ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಒಂದು ಪ್ರಯೋಗ ಮಾಡಿದ್ರು. ಪ್ರಖರ ಬೆಳಕಿಂದಾನೋ ಜೋರು ವ್ಯಾಯಾಮದಿಂದಾನೋ ನಮಗೆ ಮೈಗ್ರೇನ್ ಬರತ್ತೆ ಅಂತ ತಾವೇ ಹೇಳಿದ್ದ 27 ಜನರನ್ನ ಕರೆಸಿ ಬೇಕಂತಲೇ ಅದಕ್ಕೇ ಒಡ್ಡಿದ್ರು. ಇವರೆಲ್ಲ ಆರಾ ಇರೋ ಮೈಗ್ರೇನಿನವರು, ಅಂದ್ರೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆ, ಮಿಂಚು, ಕುರುಡು ಚುಕ್ಕೆ ಕಾಣೋರು. ಎಷ್ಟು ಜನಕ್ಕೆ ಅಟ್ಯಾಕ್ ಬಂತು ಅಂದ್ಕೊಂಡ್ರಿ? ಆರಾ ಸಮೇತ 3 ಜನಕ್ಕೆ, ಆರಾ ಇಲ್ದೆ ಇನ್ನೂ 3 ಜನಕ್ಕೆ. ಮಿಕ್ಕೋರು ಆರಾಮಾಗಿ ಮನೆಗೆ ಹೋದ್ರು. ಹಾಗಂತ ಅವರೆಲ್ಲ ಸುಳ್ಳು ಹೇಳಿದ್ರು ಅಂತಲ್ಲ. ಟ್ರಿಗರ್ ಅನ್ನೋದು ಸ್ವಿಚ್ ಒತ್ತಿದ ಹಾಗೆ ಪ್ರತೀ ಸಲ ಕೆಲ್ಸ ಮಾಡಲ್ಲ ಅಂತಷ್ಟೇ.

ಸಾಲ ಕೊಟ್ಟವನು ಒಬ್ಬ ಬಾಗಿಲಿಗೆ ಬಂದ್ರೆ ಹೇಗೋ ಸಮಾಧಾನ ಹೇಳಿ ಕಳಿಸ್ತೀವಿ, ನಾಲ್ಕು ಜನ ಒಂದೇ ದಿನ ಬಂದು ನಿಂತ್ರೆ ಏನ್ ಮಾಡೋದು? ಟ್ರಿಗರ್ ಕಥೇನೂ ಹಾಗೇ. ನಿದ್ದೆಗೆಟ್ಟಿದ್ದು ಒಂದೇ ಆದ್ರೆ ಮೆದುಳು ತಡ್ಕೊಳ್ಳತ್ತೆ, ಅವತ್ತೇ ಊಟ ತಡ ಆಗಿ, ಅವತ್ತೇ ಪೀರಿಯಡ್ಸ್ ಹತ್ರ ಇದ್ದು, ಮೇಲೆ ಬಾಸ್ ಕೈಲಿ ಬೈಸ್ಕೊಂಡು ಬಿಸಿಲಲ್ಲಿ ನಿಂತ್ರೆ ಮುಗೀತು, ಆದ್ರೆ ಬೈಗುಳ ಬೀಳೋದು ಕೊನೆಗೆ ಬಂದ ಬಿಸಿಲಿಗೆ. ಡೈರೀಲಿ ಒಂಟಿ ಟ್ರಿಗರ್ ಹುಡುಕ್ಬೇಡಿ, ಯಾವ್ಯಾವುದು ಜೊತೆ ಜೊತೆಗೆ ಬರತ್ತೆ ಅಂತ ನೋಡಿ.
– ಓದೋ ಹುಚ್ಚಿನವನು

*

ಅಕ್ಕಾ, ಕಾಫಿ ಒಂದೇ ಏಟಿಗೆ ಬಿಟ್ರಾ? ದಿನಾ ಕುಡಿಯೋ ಅಭ್ಯಾಸ ಇದ್ದೋರು ಥಟ್ಟನೆ ನಿಲ್ಲಿಸಿದ್ರೆ 12ರಿಂದ 24 ಗಂಟೆ ಒಳಗೆ ತಲೆನೋವು ಶುರುವಾಗ್ಬಹುದು, ಕೆಲವರಿಗೆ ವಾರದವರೆಗೂ ಎಳೆಯತ್ತೆ. ಬಿಡೋದೇ ಆದ್ರೆ ನಿಧಾನಕ್ಕೆ ಕಮ್ಮಿ ಮಾಡ್ತಾ ಬನ್ನಿ. ಇಲ್ಲಾಂದ್ರೆ ದಿನಾ ಅದೇ ಹೊತ್ತಿಗೆ ಅದೇ ಅಳತೆ, ಒಂದೋ ಎರಡೋ ಕಪ್ಪು, ನಂಗಂತೂ ಅದ್ರಿಂದ ಏನೂ ತೊಂದ್ರೆ ಇಲ್ಲ.

ನಂದು ರಾತ್ರಿ ಪಾಳಿ ಕೆಲಸ. ನನ್ನ ಮೈಗ್ರೇನ್ ಬರ್ತಿದ್ದಿದ್ದು ಪಾಳಿ ಇದ್ದಾಗ ಅಲ್ಲ, ರಜೆ ದಿನ! ವಾರಪೂರ್ತಿ ಟೆನ್ಷನ್ನಲ್ಲಿ ಓಡಾಡ್ಕೊಂಡು ಚೆನ್ನಾಗೇ ಇರ್ತೀನಿ, ರಜಾ ಬಂತು ಹಾಯಾಗಿ ಮಲಗೋಣ ಅಂತ ಮಧ್ಯಾಹ್ನದವರೆಗೂ ಹೊದ್ಕೊಂಡು ಮಲಗಿದ್ರೆ ಏಳೋವಾಗ್ಲೇ ಅರ್ಧ ತಲೆ ಢವಢವ. ಟೆನ್ಷನ್ ಇದ್ದಾಗ ಬರೋ ಹಾಗೆ ಟೆನ್ಷನ್ ಇಳಿದಾಗ್ಲೂ ಬರತ್ತಂತೆ, ಜಾಸ್ತಿ ನಿದ್ದೆನೂ ಒಂದು ಕಾರಣ, ತಿಂಡಿ ಕಾಫಿ ಎಲ್ಲಾ ತಡ ಆಗೋದು ಇನ್ನೊಂದು. ಈ ಮೈಗ್ರೇನ್ ಮೆದುಳಿಗೆ ಬದಲಾವಣೆ ಅಂದ್ರೇನೇ ಆಗಲ್ಲ, ಒಳ್ಳೇ ಬದಲಾವಣೆ ಆದ್ರೂ ಆಗಲ್ಲ. ಈಗ ರಜೆ ದಿನಾನೂ ಏಳೋ ಟೈಮು ಜಾಸ್ತಿ ಆಚೀಚೆ ಮಾಡಲ್ಲ. ಬೋರಿಂಗ್ ಜೀವನ ಅಂತಾರೆ ಫ್ರೆಂಡ್ಸು, ಅನ್ನಲಿ.
– ಪಾಳಿ ಕೆಲಸದ ತಮ್ಮ

*

ನಾನು ಮೆಡಿಕಲ್ ಶಾಪಲ್ಲಿ ಕೌಂಟರ್ ನೋಡ್ಕೊಳ್ಳೋಳು. ನಿಮ್ಮ ಪತ್ರದಲ್ಲಿ ಎಲ್ರೂ ಚಾಕ್ಲೇಟು ಕಾಫಿ ನೋಡಿದ್ರು, ನಾನು ನೋಡಿದ್ದು "ವಾರಕ್ಕೆ ಮೂರ್ನಾಲ್ಕು ದಿನ ಮಾತ್ರೆ" ಅನ್ನೋ ಮಾತು. ಲೆಕ್ಕ ಹಾಕಿ, ತಿಂಗಳಿಗೆ 12ರಿಂದ 16 ದಿನ ಆಯ್ತು. ನೋವಿನ ಮಾತ್ರೆ ಅತಿಯಾದ್ರೆ ಅದೇ ತಲೆನೋವು ತರತ್ತೆ, ಕೇಳೋಕೆ ವಿಚಿತ್ರ ಆದ್ರೂ ನಿಜ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಥರದ ಸಾದಾ ಮಾತ್ರೆ ತಿಂಗಳಿಗೆ 15 ದಿನ ಅಥ್ವಾ ಅದಕ್ಕಿಂತ ಜಾಸ್ತಿ, ಮೈಗ್ರೇನಿಗೆ ಅಂತಲೇ ಇರೋ ಟ್ರಿಪ್ಟಾನ್ ಮಾತ್ರೆ ಆಗ್ಲಿ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ ಆಗ್ಲಿ 10 ದಿನ ಅಥ್ವಾ ಜಾಸ್ತಿ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ನಡೆದ್ರೆ ಡಾಕ್ಟರುಗಳು ಇದನ್ನೇ ಮೊದ್ಲು ಅನುಮಾನ ಪಡೋದು. "ಈಗೀಗ ಜಾಸ್ತಿ ಆಗಿದೆ" ಅಂದ್ರಲ್ಲ, ಅದೇ ನನಗೆ ಖಟಕ್ ಅಂದಿದ್ದು. ಇದು ಇದ್ದಾಗ ನೀವು ಬೇರೆ ಟ್ರಿಗರ್ ಎಷ್ಟು ಹುಡುಕಿದ್ರೂ ಕೈಗೆ ಸಿಗಲ್ಲ, ಡೈರಿ ತುಂಬಾ ಬರೀ ನೋವೇ ಇರತ್ತೆ.

ಹಾಗಂತ ನಾಳೆಯಿಂದಾನೇ ಸ್ವಂತ ಬುದ್ಧಿಯಿಂದ ಎಲ್ಲಾ ನಿಲ್ಲಿಸ್ಬೇಡಿ, ನಿಲ್ಲಿಸಿದಾಗ ಸ್ವಲ್ಪ ದಿನ ನೋವು ಇನ್ನೂ ಜೋರಾಗತ್ತೆ, ಕೆಲವು ಮಾತ್ರೆ ಮೆಲ್ಲಗೇ ಇಳಿಸ್ಬೇಕು. ಡಾಕ್ಟರ ಹತ್ರ ಹೋಗಿ, ದಿನಾ ತಗೊಳ್ಳೋ ತಡೆಗಟ್ಟೋ ಔಷಧಿ ನಂಗೆ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಇಂಥವು ಇವೆ, ಆದ್ರೆ ಅಸ್ತಮಾ ಇದ್ರೆ ಮೊದಲನೇದು ಆಗಲ್ಲ, ಬಸುರಿ ಆಗೋ ಯೋಚನೆ ಇದ್ರೆ ಕೊನೇದು ಆಗಲ್ಲ, ಹಂಗಾಗಿ ಪಕ್ಕದ ಮನೆಯೋರ ಚೀಟಿ ತಂದು ನಮ್ಮ ಕೌಂಟರಲ್ಲಿ ಕೊಡ್ಬೇಡಿ. ಅಂಥೋರು ವಾರಕ್ಕೊಬ್ರು ಬಂದೇ ಬರ್ತಾರೆ.

ಇನ್ನೊಂದು, ನೋವಿನ ಮಾತ್ರೆ ತಗೊಳ್ಳೋ ದಿನ ಬೇಗ ತಗೊಳ್ಳಿ. ತಡ್ಕೊಂಡು ತಡ್ಕೊಂಡು ವಾಂತಿ ಶುರುವಾದ್ಮೇಲೆ ತಗೊಂಡ್ರೆ ಅಟ್ಯಾಕಲ್ಲಿ ಹೊಟ್ಟೆನೇ ನಿಧಾನ ಆಗಿರತ್ತೆ, ಮಾತ್ರೆ ಒಳಗೇ ಕೂತಿರತ್ತೆ, ರಕ್ತಕ್ಕೆ ಬೇಗ ಸೇರಲ್ಲ. ವಾಂತಿ ತಡೆಯೋ ಮಾತ್ರೆ ಜೊತೆಗೆ ಬರೆದುಕೊಡೋದು ಅದಕ್ಕೇ.
– ಔಷಧಿ ಅಂಗಡಿಯಿಂದ

*

ಹೆಣ್ಣುಮಕ್ಕಳಿಗೆ ಒಂದು ಮಾತು. ಡೈರೀಲಿ ಪೀರಿಯಡ್ಸ್ ದಿನಕ್ಕೆ ಕೆಂಪು ಗುರುತು ಹಾಕಿ. ಶುರುವಾಗೋ ಎರಡು ದಿನ ಮುಂಚಿಂದ ಮೂರನೇ ದಿನದ ಒಳಗೆ ಪ್ರತೀ ತಿಂಗಳು ನೋವು ಬಂದ್ರೆ ಅದು ಈಸ್ಟ್ರೊಜೆನ್ ಅನ್ನೋ ಹಾರ್ಮೋನು ಇಳಿಯೋದಕ್ಕೆ ಸಂಬಂಧಪಟ್ಟಿದ್ದು, ಇದನ್ನ ಯಾರೂ ಬಿಡೋಕಾಗಲ್ವಲ್ಲ! ಆದ್ರೆ ತಾರೀಖು ಮುಂಚೆನೇ ಗೊತ್ತಿರತ್ತೆ, ಅದೊಂದು ಲಾಭ. ಆ ದಿನಗಳಲ್ಲಿ ನಿದ್ದೆ ಊಟ ಕಟ್ಟುನಿಟ್ಟಾಗಿ ಇಟ್ಕೊಂಡು, ಮಿಕ್ಕ ತಲೆಬಿಸಿ ಕೆಲ್ಸ ಆಚೆ ಈಚೆ ತಳ್ಳೋಕಾಗತ್ತೆ. ಆ ನಾಲ್ಕೈದು ದಿನಕ್ಕೆ ಮಾತ್ರ ಔಷಧಿ ಕೊಡೋ ಪದ್ಧತೀನೂ ಇದೆ. ಕಣ್ಣೆದುರು ಮಿಂಚು ಗೆರೆ ಕಾಣೋ ಥರದ್ದು ನಿಮಗಿದ್ರೆ ಈಸ್ಟ್ರೊಜೆನ್ ಇರೋ ಗರ್ಭನಿರೋಧಕ ಮಾತ್ರೆ ಶುರು ಮಾಡೋ ಮುಂಚೆ ಅದನ್ನ ಡಾಕ್ಟರಿಗೆ ಹೇಳ್ಲೇಬೇಕು, ಪಾರ್ಶ್ವವಾಯು ಅಪಾಯ ಜಾಸ್ತಿಯಾಗತ್ತೆ, ಸಿಗರೇಟು ಇದ್ರೆ ಇನ್ನೂ ಜಾಸ್ತಿ. ನಂಗೆ ಯಾರೂ ಕೇಳೇ ಇರ್ಲಿಲ್ಲ, ನಾನಾಗೇ ಹೇಳಿದ್ಮೇಲೆ ಬದಲಾಯಿಸಿ ಕೊಟ್ರು.
– ಇಬ್ಬರು ಮಕ್ಕಳ ತಾಯಿ

*

ನೋಡಮ್ಮ, ನಾನು ರಿಟೈರ್ಡ್ ನರ್ಸು, ಚಿಕ್ಕದಾಗಿ ಹೇಳ್ತೀನಿ. ಹಳೇ ಮೈಗ್ರೇನ್ ಇರೋರಿಗೆ ಇರೋ ದೊಡ್ಡ ಅಪಾಯ ಅಂದ್ರೆ ಎಲ್ಲಾನೂ ಮೈಗ್ರೇನೇ ಅಂದ್ಕೊಂಡು ಮಲಗಿಬಿಡೋದು. ಸಿಡಿಲು ಬಡಿದ ಹಾಗೆ ಒಂದೇ ಕ್ಷಣಕ್ಕೆ ತಾರಕಕ್ಕೇರೋ ನೋವು, ಜ್ವರದ ಜೊತೆ ಕತ್ತು ಬಗ್ಗಿಸೋಕಾಗದೇ ಇರೋದು, ಕೈಕಾಲು ಸೋತು ಹೋಗೋದು, ಮಾತು ತೊದಲೋದು, ತಲೆಗೆ ಏಟು ಬಿದ್ದ ಮೇಲೆ ಬಂದಿದ್ದು, ಇವಕ್ಕೆ ಡೈರಿ ಬೇಡ, ನೇರ ಎಮರ್ಜೆನ್ಸಿಗೆ ಹೋಗೋದು. 50 ದಾಟಿದ ಮೇಲೆ ಮೊದಲ ಸಲ ಬಂದ್ರೂ, ಇಷ್ಟು ವರ್ಷ ಇದ್ದ ನೋವಿನ ರೀತೀನೇ ಬದಲಾದ್ರೂ ತೋರಿಸ್ಲೇಬೇಕು. ನಿಂದು ಜಾಸ್ತಿ ಆಗಿದೆ ಅಂದ್ಯಲ್ಲ, ಮಾತ್ರೆಯಿಂದಾನೇ ಇರಬಹುದು, ಆದ್ರೂ ಒಂದ್ಸಲ ತೋರಿಸು.
– ನಿವೃತ್ತ ನರ್ಸ್

*

ಎಲ್ರೂ ಸೇರಿ ಚಾಕ್ಲೇಟನ್ನ ಖುಲಾಸೆ ಮಾಡ್ಬಿಟ್ರಿ, ಆದ್ರೆ ಆಹಾರದಿಂದ ಬರೋದೇ ಇಲ್ಲ ಅಂತ ತೀರ್ಪು ಕೊಡ್ಬೇಡಿ ಸ್ವಾಮಿ. ನಂಗೆ ರೆಡ್ ವೈನ್ ಅರ್ಧ ಗ್ಲಾಸು ಸಾಕು, ಮೂರು ಗಂಟೆ ಒಳಗೆ ಗ್ಯಾರಂಟಿ, ಚೆನ್ನಾಗಿ ನಿದ್ದೆ ಮಾಡಿದ್ರೂ ಅಷ್ಟೇ ಮಾಡದಿದ್ರೂ ಅಷ್ಟೇ. ಪರೀಕ್ಷೆ ಮಾಡೋಕೆ ಒಂದು ಕ್ರಮ ಇದೆ. ಒಂದೇ ಒಂದು ಪದಾರ್ಥ ತಗೊಳ್ಳಿ, ಒಂದು ತಿಂಗಳು ಬಿಡಿ, ಆಮೇಲೆ ಮತ್ತೆ ಶುರು ಮಾಡಿ ನೋಡಿ. ಬಿಟ್ಟಾಗ ವ್ಯತ್ಯಾಸ ಇಲ್ಲ, ತಿಂದಾಗ್ಲೂ ಇಲ್ಲ ಅಂದ್ರೆ ನೆಮ್ಮದಿಯಾಗಿ ತಿನ್ನಿ. ಮೇಡಂ ಏಳೆಂಟು ಒಟ್ಟಿಗೆ ಬಿಟ್ಟು ಕೂತ್ರೆ ಯಾವುದು ಅಂತ ಹೇಗೆ ಗೊತ್ತಾಗತ್ತೆ, ಅದೂ ಅಲ್ದೆ ತಿನ್ನೋಕೆ ಏನೂ ಉಳೀದೆ ಹಸ್ಕೊಂಡಿದ್ರೆ ಹಸಿವೇ ಟ್ರಿಗರ್ರು.

ವ್ಯಾಯಾಮ ಮಾತ್ರ ದಯವಿಟ್ಟು ವಾಪಸ್ ಶುರು ಮಾಡಿ. ಒಮ್ಮೆಲೇ ಓಡೋದು ಬೇಡ, ನಡಿಗೆಯಿಂದ ಹಿಡಿದು ಮೆಲ್ಲಗೆ ಏರಿಸಿ.
– ವೈನ್ ಬಿಟ್ಟವನು, ಚೀಸ್ ಬಿಡದವನು

*

ಅಕ್ಕ, ನಾನು ಸ್ಟೂಡೆಂಟು. ಬೆಳಕಿಗೆ ಹೆದರಿ ಮನೆ ಒಳಗೂ ಕಪ್ಪು ಕನ್ನಡಕ ಹಾಕ್ಕೊಂಡು ಪರದೆ ಎಳ್ಕೊಂಡು ಕೂರ್ತಿದ್ದೆ. ಕಣ್ಣಿನ ಡಾಕ್ಟರು ಬೈದ್ರು, ಕತ್ತಲೆಗೆ ಒಗ್ಗಿಹೋದ ಕಣ್ಣಿಗೆ ಸಾದಾ ಬೆಳಕೂ ಚುಚ್ಚತ್ತೆ ಅಂತ. ಹೊರಗೆ ಬಿಸಿಲಲ್ಲಿ ಕನ್ನಡಕ, ಟೋಪಿ ಸರಿ, ಅಟ್ಯಾಕ್ ಇದ್ದಾಗ ಕತ್ತಲೆ ರೂಮೂ ಸರಿ, ಮಿಕ್ಕ ಹೊತ್ತಲ್ಲಿ ಬೆಳಕಿಗೆ ನಿಧಾನಕ್ಕೆ ಒಗ್ಗಿಸ್ಕೊಳ್ಬೇಕು. ಈಗ ಲ್ಯಾಪ್‌ಟಾಪ್ ಬ್ರೈಟ್ನೆಸ್ ರೂಮಿನ ಬೆಳಕಿಗೆ ಸಮ ಇಡ್ತೀನಿ, ಮಿಣುಕೋ ಟ್ಯೂಬ್‌ಲೈಟ್ ಬದಲಾಯಿಸಿದ್ವಿ, ಸಿನಿಮಾಗೆ ಹೋದ್ರೆ ಹಿಂದಿನ ಸಾಲಲ್ಲಿ ಕೂರ್ತೀನಿ. ನೀವೂ ಫ್ರೆಂಡ್ಸ್ ಜೊತೆ ಹೋಗಿ ಅಕ್ಕ, ಹೊಟ್ಟೆ ತುಂಬಾ ತಿಂದು, ಬ್ಯಾಗಲ್ಲಿ ಮಾತ್ರೆ ಇಟ್ಕೊಂಡು.
– ಹಿಂದಿನ ಸಾಲಿನ ಹುಡುಗ

*

ನಂಗೆ ಮೈಗ್ರೇನ್ ಇಲ್ಲ, ನನ್ನ ಹೆಂಡ್ತಿಗಿದೆ. ಮನೆಯೋರಿಗೆ ಹೇಳೋ ಮಾತು ಇದು, ನಿಮ್ಮ ಮನೆಯವ್ರಿಗೆ ಓದೋಕೆ ಕೊಡಿ. ಔಷಧಿ ಇಲ್ದೆ ಬಿಟ್ರೆ ಒಂದು ಅಟ್ಯಾಕ್ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು, ಆ ಹೊತ್ತಲ್ಲಿ "ಏನ್ ತಿಂದೆ, ಯಾಕೆ ಬಿಸಿಲಿಗೆ ಹೋದೆ, ನಿನ್ನೆ ಯಾಕೆ ಮೊಬೈಲ್ ನೋಡ್ದೆ" ಅಂತ ವಿಚಾರಣೆ ಮಾಡ್ಬೇಡಿ. ನೀರು, ಮಾತ್ರೆ, ವಾಂತಿಗೊಂದು ಬಕೆಟ್ಟು, ಹಣೆಗೆ ತಣ್ಣನೆ ಬಟ್ಟೆ ಕೊಟ್ಟು ಬಾಗಿಲು ಹಾಕ್ಕೊಂಡು ಆಚೆ ಬನ್ನಿ, ಕುಕ್ಕರ್ ಕೂಗಿಸ್ಬೇಡಿ. ಮುಂಚೆ ಬರೋ ಲಕ್ಷಣ ನಮಗೇ ಬೇಗ ಗೊತ್ತಾಗತ್ತೆ, ಇವಳು ಸುಮ್ ಸುಮ್ನೆ ರೇಗೋಕೆ ಶುರು ಮಾಡಿ ಮೇಲಿಂದ ಮೇಲೆ ಆಕಳಿಸಿದ್ರೆ ನಾನು ಊಟಕ್ಕಿಡ್ತೀನಿ, ಬೇಗ ಮಲಗು ಅಂತೀನಿ, ಟ್ರಿಗರ್ ಅನ್ನೋ ಪದ ಬಾಯಿಗೇ ತರಲ್ಲ.

ನೋವು ಹೋದ ಮಾರನೇ ದಿನಾನೂ ಅವರು ಪೂರ್ತಿ ಸರಿ ಇರಲ್ಲ, ಮಂಕಾಗಿರ್ತಾರೆ, ಹೇಳಿದ್ದು ತಲೆಗೆ ಹೋಗಲ್ಲ, ಮೈ ಹಿಂಡಿದ ಹಾಗಿರತ್ತೆ. ಅದೂ ಕಾಯಿಲೆಯ ಭಾಗವೇ. ಹುಷಾರಾದ್ಯಲ್ಲ ಅಂತ ಅವತ್ತೇ ನೆಂಟರನ್ನ ಊಟಕ್ಕೆ ಕರೀಬೇಡಿ.
– ಅಡುಗೆ ಕಲಿತ ಗಂಡ