ಅಡಿಕೆ ಬೆಲ್ಟಿನ ಸ್ಟೆಪ್ಪರ್ ಮೋಟಾರು ನಡುನಡುವೆ ಗಕ್ಕನೆ ನಿಲ್ಲುತ್ತಿದೆ: ಟೈಮರ್ ಇಂಟರಪ್ಟ್ ಬಳಸುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:
ಸುಲಿದ ಅಡಿಕೆಯಲ್ಲಿ ಚಾಲಿ, ಬಿಳಿಗೋಟು, ಕೋಕಾ ಎಂಬ ದರ್ಜೆಗಳನ್ನು ಬೇರೆ ಮಾಡುವವರ ಮುಂದೆ ಮಾಲನ್ನು ನಿಧಾನವಾಗಿ ಸಾಗಿಸಲು ಮನೆಯಲ್ಲೇ ಒಂದು ಸಣ್ಣ ಬೆಲ್ಟ್ ಕಟ್ಟಿದ್ದೇನೆ. ಆರ್ಡುಯಿನೋ ಊನೋ (ಮೈಕ್ರೋಕಂಟ್ರೋಲರ್ ಬೋರ್ಡು), ಮೋಟಾರು ನಡೆಸುವ ಎ4988 ಡ್ರೈವರ್ ಮತ್ತು ಸುತ್ತಿಗೆ 200 ಹೆಜ್ಜೆಯ ನೆಮಾ 17 ಮೋಟಾರು ಇವೆ. ಒಂದು ಹೆಜ್ಜೆಯನ್ನು 16 ಭಾಗ ಮಾಡುವ 1/16 ಮೈಕ್ರೋಸ್ಟೆಪ್ ಇಟ್ಟಿರುವುದರಿಂದ ಒಂದು ಸುತ್ತಿಗೆ 3200 ಪಲ್ಸ್ ಬೇಕು. ಪಲ್ಸುಗಳನ್ನು ಮುಖ್ಯ ಲೂಪಿನಲ್ಲೇ ಡಿಲೇ ಹಾಕಿ ಕೊಡುತ್ತಿದ್ದೇನೆ. ಎಲ್‌ಸಿಡಿಯಲ್ಲಿ ವೇಗದ ಅಂಕಿ ಬದಲಾದಾಗಲೆಲ್ಲ ಮೋಟಾರು ಗಕ್ಕನೆ ನಿಂತು ಹೊರಡುತ್ತದೆ, ಬೆಲ್ಟಿನ ಮೇಲೆ ಹರಡಿದ್ದ ಅಡಿಕೆ ಉರುಳಿ ಒಂದೆಡೆ ಗುಡ್ಡೆಯಾಗುತ್ತದೆ. ಪರಿಹಾರವೇನು?

ಉತ್ತರ, ಕಾರವಾರದಿಂದ:
ಎಲ್‌ಸಿಡಿಗೆ ಒಂದು ಸಾಲು ಬರೆದು ಮುಗಿಯಲು ಹಲವು ಮಿಲಿಸೆಕೆಂಡು ಹಿಡಿಯುತ್ತದೆ, ಅಷ್ಟೂ ಹೊತ್ತು ನಿಮ್ಮ ಲೂಪ್ ಪಲ್ಸ್ ಕೊಡುವುದಿಲ್ಲ. ಈ ಕೆಲಸವನ್ನು ಚಿಪ್ಪಿನೊಳಗೆ ತಾನಾಗಿ ಎಣಿಸುವ ಟೈಮರ್1ಕ್ಕೆ ಒಪ್ಪಿಸಿ. ಊನೋದ ಗಡಿಯಾರ 16 ಮೆಗಾಹರ್ಟ್ಸ್. ಗಡಿಯಾರವನ್ನು ಭಾಗಿಸುವ ಪ್ರಿಸ್ಕೇಲರ್ 8 ಇಟ್ಟರೆ ಒಂದು ಎಣಿಕೆಗೆ ಅರ್ಧ ಮೈಕ್ರೋಸೆಕೆಂಡು. ಸೆಕೆಂಡಿಗೆ ಒಂದು ಸುತ್ತು ಬೇಕಾದರೆ ಪಲ್ಸುಗಳ ನಡುವೆ 312.5 ಮೈಕ್ರೋಸೆಕೆಂಡು, ಅಂದರೆ 625 ಎಣಿಕೆ. ಸಿಟಿಸಿ ಮೋಡಿನಲ್ಲಿ (ನಿಗದಿತ ಅಂಕಿ ಮುಟ್ಟಿದೊಡನೆ ಟೈಮರ್ ಸೊನ್ನೆಗೆ ಮರಳುವ ಬಗೆ) ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಆ ಅಂಕಿ ಇಡುವ ಓಸಿಆರ್1ಎ ರಿಜಿಸ್ಟರಿನಲ್ಲಿ 624 ಬರೆಯಬೇಕು. ಅದಕ್ಕೂ ಮೊದಲು ಟೈಮರಿನ ಮೋಡ್ ಹೊಂದಿಸುವ ಟಿಸಿಸಿಆರ್1ಎ ರಿಜಿಸ್ಟರನ್ನು ಸೊನ್ನೆ ಮಾಡುವುದನ್ನು ಮರೆಯಬೇಡಿ, ಏಕೆಂದರೆ ಆರ್ಡುಯಿನೋ ಅದನ್ನು ಪಲ್ಸಿನ ಅಗಲ ಬದಲಿಸುವ ಪಿಡಬ್ಲ್ಯೂಎಮ್‌ಗಾಗಿ ಮೊದಲೇ ಹೊಂದಿಸಿಟ್ಟಿರುತ್ತದೆ. ಎಣಿಕೆ ಆ ಅಂಕಿ ಮುಟ್ಟಿದಾಗಲೆಲ್ಲ ಲೂಪನ್ನು ತಡೆದು ಓಡುವ ಇಂಟರಪ್ಟ್ ರೂಟೀನಿನಲ್ಲಿ ಸ್ಟೆಪ್ ಪಿನ್ನನ್ನು ಎತ್ತಿ ಇಳಿಸಿದರೆ ಸಾಕು. ಎ4988ಕ್ಕೆ ಪಲ್ಸ್ ಕನಿಷ್ಠ 1 ಮೈಕ್ರೋಸೆಕೆಂಡು ಹೊತ್ತು ಮೇಲಿನ ಮಟ್ಟದಲ್ಲೇ (ಹೈ) ಇರಬೇಕು. ಪೋರ್ಟಿಗೆ ನೇರವಾಗಿ ಬರೆಯುವುದು ಬಹಳ ವೇಗ, ಹಾಗೆ ಬರೆಯುವವರು ಇದನ್ನು ಗಮನಿಸಬೇಕು.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ, ಎಲ್‌ಸಿಡಿಯ ತೊಂದರೆ ಪೂರ್ತಿ ಹೋಯಿತು. ಆದರೆ ಪೊಟೆನ್ಷಿಯೋಮೀಟರ್ ತಿರುಗಿಸಿ ವೇಗ ಹೆಚ್ಚಿಸುವಾಗ, ಹತ್ತು ಸಲಕ್ಕೆ ಒಂದೆರಡು ಸಲ, ಈಗಲೂ ಒಂದು ಕ್ಷಣ ತಡೆದು ಹೊರಡುತ್ತದೆ. ವೇಗ ಇಳಿಸುವಾಗ ಹೀಗಾಗುವುದಿಲ್ಲ. ಓಸಿಆರ್1ಎಗೆ ಹೊಸ ಬೆಲೆಯನ್ನು ಲೂಪಿನಿಂದಲೇ ಬರೆಯುತ್ತಿದ್ದೇನೆ.

ಉತ್ತರ, ಕುಮಟಾದಿಂದ:
ಹೆಚ್ಚಿಸುವಾಗ ಮಾತ್ರ ಎಂದು ಬರೆದಿರುವುದರಲ್ಲೇ ಕಾರಣವಿದೆ. ಟೈಮರ್ 700ರವರೆಗೆ ಎಣಿಸಿರುವ ಹೊತ್ತಿಗೆ ನೀವು 624 ಎಂದು ಬರೆದರೆ, ಅದು ಆ ಅಂಕಿಯನ್ನು ಆಗಲೇ ದಾಟಿಬಿಟ್ಟಿರುತ್ತದೆ. ಸಿಟಿಸಿ ಮೋಡಿನಲ್ಲಿ ಹೊಸ ಬೆಲೆ ಆ ಕ್ಷಣವೇ ಜಾರಿಗೆ ಬರುವುದರಿಂದ ಟೈಮರ್ 65535ರ ತನಕ ಹೋಗಿ, ಸೊನ್ನೆಗೆ ಬಂದು, ಮತ್ತೆ 624 ಮುಟ್ಟಬೇಕು. ಅಷ್ಟರಲ್ಲಿ ಸುಮಾರು 33 ಮಿಲಿಸೆಕೆಂಡು ಕಳೆದಿರುತ್ತದೆ. ನಿಮ್ಮ ವೇಗದಲ್ಲಿ ಅದು ನೂರಕ್ಕೂ ಹೆಚ್ಚು ಪಲ್ಸುಗಳ ಸಮಯ. ಈ ದೋಷ ಹುಡುಕಲು ನನಗೆ ಒಂದಿಡೀ ವಾರ ಹಿಡಿದಿತ್ತು, ಡ್ರೈವರೇ ಕೆಟ್ಟಿದೆಯೆಂದು ಎರಡು ಡ್ರೈವರ್ ಬದಲಿಸಿದ್ದೆ.

ಲೂಪಿನಲ್ಲಿ ಹೊಸ ಬೆಲೆಯನ್ನು ಒಂದು ವೊಲಟೈಲ್ (ಇಂಟರಪ್ಟಿನಲ್ಲೂ ಬಳಕೆಯಾಗುತ್ತದೆಂದು ಕಂಪೈಲರಿಗೆ ತಿಳಿಸುವ) ವೇರಿಯಬಲ್‌ನಲ್ಲಿ ಮಾತ್ರ ಇಡಿ. ಅದು 16 ಬಿಟ್, ಚಿಪ್ಪು 8 ಬಿಟ್, ಬರಹ ಎರಡು ಹಂತದಲ್ಲಿ ಆಗುತ್ತದೆ, ಆದ್ದರಿಂದ ಬರೆಯುವಾಗ ಇಂಟರಪ್ಟ್ ತಡೆದಿರಬೇಕು. ಓಸಿಆರ್1ಎಗೆ ಬರೆಯುವ ಕೆಲಸ ಇಂಟರಪ್ಟ್ ರೂಟೀನಿನೊಳಗೇ ಆಗಲಿ, ಆಗ ಎಣಿಕೆ ಇನ್ನೂ ಸೊನ್ನೆಯ ಹತ್ತಿರವೇ ಇರುತ್ತದೆ. ನಿಂತಲ್ಲಿಂದ ಹೊರಡುವಾಗ ಮಾತ್ರ ನೇರವಾಗಿ 624ಕ್ಕೆ ಹೋಗದೆ 5000ದ ಆಸುಪಾಸಿನಿಂದ ಮೆಲ್ಲಗೆ ಇಳಿಸುತ್ತ ಬನ್ನಿ, ಇಲ್ಲವಾದರೆ ಭಾರ ಹೊತ್ತ ಬೆಲ್ಟು ಹೆಜ್ಜೆ ತಪ್ಪುತ್ತದೆ. ಈ ಚಿಪ್ಪಿನಲ್ಲಿ ಭಾಗಾಕಾರಕ್ಕೆ ಹಾರ್ಡ್‌ವೇರ್ ಇಲ್ಲ, ಹಾಗಾಗಿ ಇಳಿಕೆಯ ಬೆಲೆಗಳನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಮುಂದೆ ಕೋಕಾ ತಳ್ಳಲು ಸರ್ವೋ ಹಾಕುವ ಯೋಚನೆಯಿದ್ದರೆ ಈಗಲೇ ನೋಡಿಕೊಳ್ಳಿ: ಊನೋದಲ್ಲಿ ಸರ್ವೋ ಲೈಬ್ರರಿಯೂ ಟೈಮರ್1 ಅನ್ನೇ ಹಿಡಿದುಕೊಳ್ಳುತ್ತದೆ.